ಸಣ್ಣ ಅಡಿಗೆ ಮನೆಯಲ್ಲಿ ವರ್ಷದ ದವಸಕ್ಕೆ ಜಾಗ

ಸುಗ್ಗಿ ಮುಗಿದು ಕಣದಿಂದ ರಾಗಿ ಮನೆ ಸೇರುವ ಕಾಲದಲ್ಲಿ ಈಗ ಅನೇಕ ರೈತ ಕುಟುಂಬಗಳಿಗೆ ಹಿಂದೆ ಇಲ್ಲದ ಒಂದು ಚಿಂತೆ ತಲೆದೋರುತ್ತಿದೆ. ಬೆಳೆಯನ್ನು ಹೇಗೋ ಬೆಳೆದದ್ದಾಯಿತು, ಒಕ್ಕಿದ್ದಾಯಿತು. ಆದರೆ ಅದನ್ನು ಇಡುವುದೆಲ್ಲಿ? ಊರಿನ ಹಳೆಯ ಮನೆ ಕಿತ್ತು ಹೊಸದಾಗಿ ಕಟ್ಟಿದವರಿಗೂ ಈ ಚಿಂತೆ ಉಂಟು. ಮಕ್ಕಳು ಕೆಲಸಕ್ಕೆಂದು ಪಟ್ಟಣ ಸೇರಿ ಸಣ್ಣ ಮನೆಯಲ್ಲಿರುವವರಿಗಂತೂ ಇದು ಪ್ರತಿ ವರ್ಷದ ಮಾತು.

ಬೆಂಗಳೂರು ಉತ್ತರದ ನಾಗಸಂದ್ರವನ್ನೇ ತೆಗೆದುಕೊಳ್ಳೋಣ. ತುಮಕೂರು ರಸ್ತೆಯ ಬದಿಯ ಈ ಊರು ಒಂದು ಕಾಲಕ್ಕೆ ರಾಗಿ ಹೊಲಗಳ ನಡುವಿನ ಹಳ್ಳಿಯೇ. ಪಕ್ಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಹೊಲಗಳೆಲ್ಲ ನಿವೇಶನಗಳಾದವು. 2015ರ ಮೇ 1ರಂದು ಮೆಟ್ರೊ ರೈಲು ನಾಗಸಂದ್ರದವರೆಗೆ ಬಂತು. 2024ರ ನವೆಂಬರಿನಲ್ಲಿ ಅದು ಮಾದಾವರದವರೆಗೆ ಮುಂದುವರಿಯಿತು. ಇಲ್ಲಿ 20 ಅಡಿಗೆ 30 ಅಡಿಯ ನಿವೇಶನದಲ್ಲಿ ಮೂರು ಅಂತಸ್ತು ಎಬ್ಬಿಸಿ, ಅಂತಸ್ತಿಗೊಂದು ಸಂಸಾರ ಇರುವ ಮನೆಗಳು ಬೀದಿ ತುಂಬ ಇವೆ. ಅಡಿಗೆ ಮನೆ ಎಂದರೆ ಏಳು ಅಡಿಗೆ ಎಂಟು ಅಡಿ. ಬಹಳವಾದರೆ ಎಂಟಕ್ಕೆ ಎಂಟು. ಇಂಥ ಮನೆಗೆ ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರ ಕಡೆಯ ಊರುಗಳಿಂದ ಅಪ್ಪ ಅಮ್ಮ ಕಳಿಸಿದ ರಾಗಿ ಮೂಟೆ, ಅವರೆಕಾಳಿನ ಚೀಲ, ಹುರುಳಿ, ಹುಣಿಸೆಹಣ್ಣು ಬಂದಿಳಿಯುತ್ತವೆ. ಕೆಲವು ದಿನ ಬಾಗಿಲ ಸಂದಿಯಲ್ಲಿ, ಕೆಲವು ದಿನ ಮಂಚದ ಕೆಳಗೆ, ಕಡೆಗೆ ಸಿಂಕಿನ ಕೆಳಗಿನ ಗೂಡಿನಲ್ಲಿ ಅವು ಕೂರುತ್ತವೆ. ಮಳೆಗಾಲ ಮುಗಿಯುವುದರೊಳಗೆ ಅರ್ಧ ಮುಗ್ಗುತ್ತದೆ, ಇನ್ನರ್ಧಕ್ಕೆ ಹುಳು ಬೀಳುತ್ತದೆ. ಮುಂದಿನ ವರ್ಷ ಆ ಮಗ, “ಅಪ್ಪಾ, ರಾಗಿ ಕಳಿಸಬೇಡ, ಇಲ್ಲೇ ಅಂಗಡೀಲಿ ಹಿಟ್ಟು ತಗೋತೀವಿ” ಎಂದುಬಿಡುತ್ತಾನೆ. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿ ಆಷಾಢದಲ್ಲಿ ಹೆಚ್ಚಿನ ಬೆಲೆಗೆ ಕೊಂಡು ತಿನ್ನುವ ಸ್ಥಿತಿ ಬೆಳೆದವನ ಮನೆಗೇ ಬರುತ್ತದೆ.

ಬೇಸಾಯ ಶಾಸ್ತ್ರ ಹೇಳಿಕೊಡುವವನು ಅಡಿಗೆ ಮನೆಯ ವಿಚಾರಕ್ಕೆ ಏಕೆ ಬಂದ ಎಂದು ಓದುಗರು ಕೇಳಬಹುದು. ಕಾರಣವಿದೆ. ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿ ಇಪ್ಪತ್ತೈದು ಕಿಲೋ ಅವರೆಕಾಳು ಕಳೆದುಕೊಂಡಿದ್ದೇನೆ.

ಒಲೆಯ ಮೇಲಿನ ಸಜ್ಜ

ಚಿಕ್ಕಂದಿನಲ್ಲಿ ನಮ್ಮೂರ ಮನೆಯಲ್ಲಿ ಬಿತ್ತನೆಯ ಮುಸುಕಿನ ಜೋಳದ ತೆನೆ, ಹೀರೆ, ಸೋರೆ ಬೀಜಗಳನ್ನು ಒಲೆಯ ಮೇಲಿನ ತೊಲೆಗೆ ಕಟ್ಟುತ್ತಿದ್ದುದನ್ನು ನೋಡಿದ್ದೆ. ಒಂದೂ ಹುಳು ತಿನ್ನುತ್ತಿರಲಿಲ್ಲ. ಅದೇ ಲೆಕ್ಕ ಹಿಡಿದು ನಮ್ಮ ಸಣ್ಣ ಅಡಿಗೆ ಮನೆಯಲ್ಲಿ ಗ್ಯಾಸ್ ಒಲೆಯ ನೇರ ಮೇಲಿನ ಸಜ್ಜದ ಮೇಲೆ ಅವರೆಕಾಳಿನ ಚೀಲ ಇರಿಸಿದೆ. ಬೆಚ್ಚಗಿರುತ್ತದೆ, ಹುಳು ಬರಲಾರದು ಎಂಬ ಭರವಸೆ. ಯುಗಾದಿ ಕಳೆದು ತಿಂಗಳಾದ ಮೇಲೆ ಚೀಲ ಇಳಿಸಿದರೆ ಕಾಳಿಗೆ ಎರಡೆರಡು ತೂತು. ಕೈ ಹಾಕಿದರೆ ಬರೀ ಹಿಟ್ಟು. ಊರಿನಿಂದ ಬಂದಿದ್ದ ನಮ್ಮ ತಾಯಿ ಒಂದು ಹಿಡಿ ತೆಗೆದು ನೋಡಿ, “ಹೊಗೆ ಇಲ್ಲದ ಒಲೆ ಮೇಲೆ ಇಟ್ಟು ಏನಪ್ಪಾ ಮಾಡ್ತೀಯ?” ಎಂದರು. ಅಷ್ಟೇ. ಡಾಕ್ಟರೇಟು ಪಡೆದವನಿಗೆ ಹೊಳೆಯದಿದ್ದ ಮಾತು ಅದು.

ಸೌದೆಯ ಒಲೆ ಕಾಳನ್ನು ಕಾಪಾಡುತ್ತಿದ್ದುದು ಬರಿಯ ಶಾಖದಿಂದಲ್ಲ, ಹೊಗೆಯಿಂದ. ಹೊಗೆಯ ಮಸಿ ಕಾಳಿನ ಮೇಲೆ ಕೂತು ಕೀಟಗಳನ್ನು ದೂರ ಇಡುತ್ತಿತ್ತು. ಹೆಂಚಿನ ಸಂದಿಯಿಂದ ಹಬೆಯೂ ಹೊರಗೆ ಹೋಗುತ್ತಿತ್ತು. ಇಂದಿನ ಅಡಿಗೆ ಮನೆಯಲ್ಲಿ ಹೊಗೆ ಹೋಗಿದೆ, ಶಾಖ ಮತ್ತು ಹಬೆ ಉಳಿದಿವೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ, ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆ ಹಾಕಿಸಿಕೊಂಡವರ ಮನೆಯಲ್ಲೂ ಹೀಗೆಯೇ. ಹೊಗೆ ಹೋದದ್ದು ಹೆಣ್ಣುಮಕ್ಕಳ ಕಣ್ಣಿಗೂ ಶ್ವಾಸಕೋಶಕ್ಕೂ ಬಹಳ ಒಳ್ಳೆಯದಾಯಿತು. ಅದನ್ನು ಮತ್ತೆ ತರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ದವಸ ಇಡುವ ಸ್ಥಳವನ್ನು ಮಾತ್ರ ಬದಲಾಯಿಸಲೇಬೇಕು.

ಗ್ಯಾಸ್ ಒಲೆಯಿಂದ ಹಬೆ ಎಲ್ಲಿ ಬಂತು ಎನ್ನಬಹುದು. ಅಡಿಗೆಯ ಅನಿಲ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಕಿಲೋ ಅನಿಲಕ್ಕೆ ಸುಮಾರು 1.6 ಕಿಲೋ ನೀರು, ಅಂದರೆ 14.2 ಕಿಲೋದ ಒಂದು ಸಿಲಿಂಡರು ಉರಿದು ಮುಗಿಯುವ ವೇಳೆಗೆ ಸುಮಾರು 22 ಲೀಟರು, ಒಂದು ದೊಡ್ಡ ಬಿಂದಿಗೆಗೂ ಹೆಚ್ಚು ನೀರು ಆವಿಯಾಗಿ ಆ ಸಣ್ಣ ಕೋಣೆಯ ಗಾಳಿಯಲ್ಲಿ ಸೇರಿರುತ್ತದೆ. ಅನ್ನ, ಸಾರು, ಮುದ್ದೆಯ ಎಸರು ಕುದಿದ ಹಬೆ ಇದರ ಮೇಲೆ ಬೇರೆ. ಈ ಆವಿ ಬಿಸಿಯಾಗಿ ಮೇಲೇರಿ ಸಜ್ಜದ ಕೆಳಗೂ ಮೇಲೂ ತುಂಬಿಕೊಳ್ಳುತ್ತದೆ. ಮನೆಯಲ್ಲಿ ಅತ್ಯಂತ ಬಿಸಿಯೂ ಅತ್ಯಂತ ತೇವವೂ ಆದ ಜಾಗ ಎಂದರೆ ಒಲೆಯ ಮೇಲಿನ ಆ ಸಜ್ಜವೇ.

ಅವರೆ, ಅಲಸಂದೆ, ಹೆಸರು, ತೊಗರಿ ಕಾಳುಗಳನ್ನು ಕೊರೆಯುವ ದುಂಬಿಗೆ ಇದಕ್ಕಿಂತ ಬೇರೆ ಅನುಕೂಲ ಬೇಕಿಲ್ಲ. ಇದು ಬಹುಮಟ್ಟಿಗೆ ಹೊಲದಿಂದಲೇ, ಬಲಿತ ಕಾಯಿಯ ಮೇಲೆ ಇಟ್ಟ ಮೊಟ್ಟೆಯ ರೂಪದಲ್ಲಿ ಮನೆಗೆ ಬರುತ್ತದೆ. 28 ರಿಂದ 30 ಡಿಗ್ರಿ ಶಾಖದಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಒಂದು ತಿಂಗಳೂ ಬೇಡ. ತಂಪಾದ ಕಡೆ ಇದರ ಎರಡರಷ್ಟು ಕಾಲ ಹಿಡಿಯುತ್ತದೆ. ಒಂದು ಹೆಣ್ಣು ಎಂಬತ್ತರವರೆಗೂ ಮೊಟ್ಟೆ ಇಡಬಲ್ಲದು. ಅವುಗಳಲ್ಲಿ ಅರ್ಧ ಹೆಣ್ಣು ಎಂದಿಟ್ಟುಕೊಂಡರೂ ಎರಡನೆಯ ತಲೆಮಾರಿಗೆ ಲೆಕ್ಕ 3,200ಕ್ಕೆ ಮುಟ್ಟುತ್ತದೆ. ಎಲ್ಲವೂ ಬದುಕುವುದಿಲ್ಲ, ನಿಜ. ಆದರೆ ಸಂಕ್ರಾಂತಿಯಲ್ಲಿ ಇಟ್ಟ ಚೀಲ ವೈಶಾಖದಲ್ಲಿ ಹಿಟ್ಟಾಗುವುದು ಹೇಗೆಂಬುದು ಇದರಿಂದ ತಿಳಿಯುತ್ತದೆ.

ರಾಗಿಯ ಮಾತು ಬೇರೆ. ರಾಗಿ ಕಾಳು ಎಷ್ಟು ಸಣ್ಣದೆಂದರೆ ಅದರೊಳಗೆ ಸೊಂಡಿಲು ಕೀಟದ ಮರಿ ಬೆಳೆಯಲು ಜಾಗ ಸಾಲದು. ಆದ್ದರಿಂದಲೇ ಒಣ ರಾಗಿ ವರ್ಷಗಟ್ಟಲೆ ಇರುತ್ತದೆ. ರಾಗಿಗೆ ಶತ್ರು ಎಂದರೆ ತೇವ ಮತ್ತು ಇಲಿ. ಹೀಗೆ ಒಂದೊಂದು ದವಸದ ಶತ್ರು ಒಂದೊಂದು. ಎಲ್ಲವನ್ನೂ ಒಂದೇ ಗೂಡಿಗೆ ತುರುಕುವುದು ಸರಿಯಲ್ಲ.

ಹಳೆಯ ಮನೆಯಲ್ಲಿ ದವಸ ಎಲ್ಲಿತ್ತು?

ನಮ್ಮ ಹಳೆಯ ಮೈಸೂರು ಸೀಮೆಯ ತೊಟ್ಟಿ ಮನೆ, ಪಡಸಾಲೆ ಮನೆಗಳನ್ನು ನೆನೆಸಿಕೊಳ್ಳಿ. ವರ್ಷದ ದವಸವನ್ನು ಅಡಿಗೆ ಮನೆಯಲ್ಲಿ ಇಡುತ್ತಿರಲಿಲ್ಲ. ರಾಗಿ ಊರ ಮುಂದಿನ ಹಗೇವಿನಲ್ಲೋ ನಡುಮನೆಯ ಕತ್ತಲೆ ಮೂಲೆಯ ವಾಡೆಯಲ್ಲೋ ಇರುತ್ತಿತ್ತು. ಕಾಳುಗಳನ್ನು ಕೆಮ್ಮಣ್ಣು ಕಟ್ಟಿ ಗುಡಾಣಕ್ಕೆ ತುಂಬಿ ಉಗ್ರಾಣದ ಕೋಣೆಯಲ್ಲಿ ಇಡುತ್ತಿದ್ದರು. ಅಡಿಗೆ ಮನೆಗೆ ಬರುತ್ತಿದ್ದುದು ಅಂದಿನ ಹಿಟ್ಟು, ನಾಲ್ಕು ದಿನದ ಬೇಳೆ, ಗೋಡೆಯ ಗೂಡಿನಲ್ಲಿ ಉಪ್ಪು ಮೆಣಸಿನಕಾಯಿ, ನೆಲುವಿನಲ್ಲಿ ಹಾಲು ಮೊಸರು. ಇಷ್ಟೇ.

ಹಗೇವು ಬಹಳ ಜಾಣ ಉಪಾಯ. ಬಾಯಿ ಕಿರಿದಾಗಿ ಒಳಗೆ ಅಗಲವಾದ ಗುಂಡಿಯಲ್ಲಿ ಹುಲ್ಲು ಹಾಸಿ ರಾಗಿ ತುಂಬಿ ಬಾಯಿ ಮುಚ್ಚಿದ ಮೇಲೆ ಕಾಳೂ ಕೀಟವೂ ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತದೆ. ಕೀಟ ಸಾಯುತ್ತದೆ, ಕಾಳು ಉಳಿಯುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವರು ಉಸಿರು ಕಟ್ಟಿ ಸತ್ತದ್ದೂ ಉಂಟು. ಅದಕ್ಕೇ ಹಿರಿಯರು ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಸಿ ನೋಡಿ ಆಮೇಲೆ ಆಳನ್ನು ಇಳಿಸುತ್ತಿದ್ದರು. ನಾಗಸಂದ್ರದ ಮನೆಯಲ್ಲಿ ಹಗೇವು ತೋಡಲಾಗದು. ಅದರ ತತ್ವವನ್ನು ಮಾತ್ರ ಡಬ್ಬಿಯೊಳಗೆ ತರಬಹುದು. ಅದನ್ನು ಮುಂದೆ ಹೇಳುತ್ತೇನೆ.

ಈಗ ಆಗಿರುವ ತೊಂದರೆ ಇದು. ಮನೆ ಸಣ್ಣದಾದಾಗ ಉಗ್ರಾಣ ಹೋಯಿತು, ವಾಡೆ ಹೋಯಿತು; ಅವುಗಳ ಕೆಲಸವೆಲ್ಲ ಅಡಿಗೆ ಮನೆಯ ಮೇಲೆ ಬಿತ್ತು. ಮನೆ ಕಟ್ಟುವ ಮೇಸ್ತ್ರಿ ಕಟ್ಟೆ, ಸಿಂಕು, ಸಜ್ಜ ಹಾಕಿ ಕೈ ತೊಳೆದುಕೊಳ್ಳುತ್ತಾನೆ. ದವಸದ ಲೆಕ್ಕ ಯಾರೂ ಹಾಕುವುದಿಲ್ಲ. ಅಡಿಗೆ ಮನೆಯ ನಕ್ಷೆ ಬರೆಯುವ ಮೊದಲೇ ಈ ಲೆಕ್ಕ ಹಾಕತಕ್ಕದ್ದು.

ಎಷ್ಟು ದವಸ, ಎಷ್ಟು ಜಾಗ?

ಮನೆಯ ಸಾಮಾನನ್ನು ದಿನದ್ದು, ತಿಂಗಳದ್ದು, ವರ್ಷದ್ದು ಎಂದು ಮೂರಾಗಿ ವಿಂಗಡಿಸಿಕೊಳ್ಳಬೇಕು. ದಿನದ್ದು ಒಲೆಯಿಂದ ಕೈಗೆಟುಕುವಂತಿರಬೇಕು. ತಿಂಗಳದ್ದು ಅಡಿಗೆ ಮನೆಯಲ್ಲೇ, ಆದರೆ ಒಲೆ ಮತ್ತು ಸಿಂಕಿನಿಂದ ದೂರದ ಗೋಡೆಯಲ್ಲಿರಬೇಕು. ವರ್ಷದ್ದು ಅಡಿಗೆ ಮನೆಯ ಹೊರಗೆ.

ಐದು ಜನರ ಸಂಸಾರ, ದಿನಕ್ಕೊಂದು ಹೊತ್ತು ಮುದ್ದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಹೆಚ್ಚೆಂದರೆ ಒಂದು ಕಿಲೋ ಹಿಟ್ಟು, ತಿಂಗಳಿಗೆ 30 ಕಿಲೋ, ವರ್ಷಕ್ಕೆ 360 ಕಿಲೋ. ಒಂದು ಕ್ವಿಂಟಾಲ್ ರಾಗಿಗೆ ಸುಮಾರು ನಾಲ್ಕೂಮುಕ್ಕಾಲು ಘನ ಅಡಿ ಜಾಗ ಬೇಕು. ಹಾಗಾದರೆ ಇಡೀ ವರ್ಷದ ರಾಗಿಗೆ ಬೇಕಾದದ್ದು 17 ಘನ ಅಡಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಒಂದು ತಗಡಿನ ಕಣಜಕ್ಕೆ 18 ಘನ ಅಡಿ ಹಿಡಿಯುತ್ತದೆ. ಅಂದರೆ ವರ್ಷವೆಲ್ಲ ಉಣ್ಣುವ ರಾಗಿ ಕೇಳುವುದು ನೆಲದ ಮೇಲೆ ನಾಲ್ಕು ಚದರ ಅಡಿಯನ್ನು ಮಾತ್ರ! ಒಂದು ಕುರ್ಚಿ ಹಾಕುವಷ್ಟು ಜಾಗ. ನಾಲ್ಕು ಮೂಟೆಗಳನ್ನು ಅಡ್ಡಡ್ಡ ಮಲಗಿಸಿದಾಗ ಇದರ ಎಷ್ಟೋ ಪಾಲು ಜಾಗ ಹಿಡಿದು ಮನೆಯೇ ಸಾಲದೆಂಬಂತೆ ಕಾಣುತ್ತದೆ. ಜಾಗ ತಿನ್ನುವುದು ದವಸವಲ್ಲ, ಮೂಟೆ.

ಈ ಕಣಜ ನಡುಮನೆಯ ಮೂಲೆಯಲ್ಲಿ ನಿಲ್ಲಲಿ. ಮೇಲೊಂದು ಹಲಗೆ ಹಾಕಿ ಬಟ್ಟೆ ಹೊದಿಸಿದರೆ ದೇವರ ಪಟವನ್ನೋ ರೇಡಿಯೋವನ್ನೋ ಇಡಲು ಆಗುತ್ತದೆ. ಮೇಲೆ ತುಂಬಲು ಒಂದಡಿ ಬಾಯಿ, ಕೆಳಗೆ ತೆಗೆಯಲು ಮುಚ್ಚಳವಿರುವ ಒಂದು ಕಿಂಡಿ ಇರಬೇಕು. ಹಳೆಯ ವಾಡೆಗೂ ಹೀಗೆಯೇ ಇರುತ್ತಿತ್ತು. ಮೇಲಿನಿಂದ ಮೊಗೆಯುತ್ತ ಹೋದರೆ ತಳದ ರಾಗಿ ವರ್ಷಗಟ್ಟಲೆ ಕದಲುವುದೇ ಇಲ್ಲ. ತುಂಬಿದ ಕಣಜ ಮೂರೂವರೆ ಕ್ವಿಂಟಾಲಿಗೂ ಮೀರಿ ತೂಗುವುದರಿಂದ ನೆಲದ ಮೇಲೆಯೇ ಇಡತಕ್ಕದ್ದು. ಸಜ್ಜದ ಮೇಲೆ ದವಸದ ಮೂಟೆ ಏರಿಸುವುದು ಯಾವ ಕಾರಣಕ್ಕೂ ಕೂಡದು. ಎರಡೂವರೆ ಅಂಗುಲದ ಆ ಕಾಂಕ್ರೀಟು ಹಲಗೆಯನ್ನು ಅಂಥ ಭಾರಕ್ಕೆಂದು ಹಾಕಿರುವುದಿಲ್ಲ. ನೆಲದಿಂದ ನಾಲ್ಕು ಅಂಗುಲ ಎತ್ತರಕ್ಕೆ ಮರದ ಹಲಗೆ ಅಥವಾ ಕಲ್ಲಿನ ತುಂಡು ಕೊಟ್ಟು, ಗೋಡೆಯಿಂದ ಗೇಣು ದೂರ ಬಿಡಬೇಕು. ಬಚ್ಚಲಿಗೆ ತಗಲಿದ ಗೋಡೆಯೂ ಮಧ್ಯಾಹ್ನದ ಬಿಸಿಲು ಹೊಡೆಯುವ ಪಡುವಣ ಗೋಡೆಯೂ ಇದಕ್ಕೆ ಆಗದು. ಕಣಜದ ಒಂದು ಮಗ್ಗುಲು ಕಾದು ಇನ್ನೊಂದು ತಂಪಾಗಿದ್ದರೆ ಒಳಗಿನ ತೇವ ತಂಪಾದ ಕಡೆಗೆ ಸರಿದು ಅಲ್ಲಿ ರಾಗಿ ಹೆಪ್ಪುಗಟ್ಟಿ ಮುಗ್ಗುತ್ತದೆ. ‘ಚೆನ್ನಾಗಿ ಒಣಗಿಸಿಯೇ ಇಟ್ಟಿದ್ದೆವು, ಮೇಲೊಂದು ಗೇಣು ಮಾತ್ರ ಹಾಳಾಯಿತು’ ಎಂದು ರೈತರು ಹೇಳುವುದಕ್ಕೆ ಬಹುಪಾಲು ಇದೇ ಕಾರಣ.

ಇನ್ನು ಅಡಿಗೆ ಮನೆ. ತಿಂಗಳಿಗೆ 30 ಕಿಲೋ ರಾಗಿ, 30 ಕಿಲೋ ಅಕ್ಕಿ, ಹತ್ತು ಕಿಲೋ ಬೇಳೆಕಾಳು, ಜೊತೆಗೆ ಸಕ್ಕರೆ, ಬೆಲ್ಲ, ಎಣ್ಣೆ, ಮೆಣಸಿನಕಾಯಿ, ಹುಣಿಸೆಹಣ್ಣು ಎಲ್ಲ ಸೇರಿದರೆ ಹೆಚ್ಚೆಂದರೆ ಐದು ಘನ ಅಡಿ. ಪಾತ್ರೆಗಳಿಗೆ ಇದರ ಎರಡರಷ್ಟು ಕೊಡೋಣ. ಏಳು ಅಡಿಗೆ ಎಂಟು ಅಡಿಯ ಅಡಿಗೆ ಮನೆಯಲ್ಲಿ ಇಷ್ಟು ಜಾಗ ಧಾರಾಳವಾಗಿ ಸಿಗುತ್ತದೆ.

ಏಳಕ್ಕೆ ಎಂಟರ ನಕ್ಷೆ

ಪೂರ್ವದ ಗೋಡೆಯ ಉದ್ದಕ್ಕೆ, ಎಂಟಡಿಗೆ, ಎರಡು ಅಡಿ ಅಗಲದ ಕಟ್ಟೆ. ಅದರ ನಡುವೆ ಮೇಲೆ ಕಿಟಕಿ. ಕಟ್ಟೆಯ ತೆಂಕಣ ತುದಿಗೆ ಒಲೆ, ಬಡಗಣ ತುದಿಗೆ ಸಿಂಕು. ನಡುವೆ ಮೂರೂವರೆ ಅಡಿಯಷ್ಟು ಹೆಚ್ಚುವ, ಕಲಸುವ ಜಾಗ ಉಳಿಯುತ್ತದೆ. ಹೀಗಿಟ್ಟರೆ ಒಲೆ ಆಗ್ನೇಯಕ್ಕೇ ಬರುವುದರಿಂದ ಮನೆಯ ಹಿರಿಯರ ಆಕ್ಷೇಪಣೆಯೂ ಇರುವುದಿಲ್ಲ. ಬಾಗಿಲು ತೆಂಕಣ ಗೋಡೆಯಲ್ಲಿ. ಪಡುವಣ ಗೋಡೆ ನಡುಮನೆಗೆ ಸೇರಿದ ಒಳಗೋಡೆ. ಬಿಸಿಲೂ ಮಳೆಯೂ ಅದಕ್ಕೆ ತಾಗುವುದಿಲ್ಲ. ಇದೇ ದವಸದ ಗೋಡೆ. ಇದರ ಉದ್ದಕ್ಕೂ ನೆಲದಿಂದ ಏಳಡಿ ಎತ್ತರದವರೆಗೆ ಒಂದೇ ಒಂದು ಅಡಿ ಆಳದ ಗೂಡುಗಳು. ಕಟ್ಟೆ ಎರಡಡಿ, ಗೂಡು ಒಂದಡಿ ಕಳೆದರೆ ನಡುವೆ ನಾಲ್ಕಡಿ ಓಡಾಟಕ್ಕೆ. ಇಬ್ಬರು ಬೆನ್ನಿಗೆ ಬೆನ್ನು ತಾಗದೆ ಕೆಲಸ ಮಾಡಬಹುದು. ಗೂಡುಗಳ ಒಟ್ಟು ಅಳತೆ 56 ಘನ ಅಡಿ. ಸಂದುಗೊಂದಿಗೆ ಅರ್ಧ ಹೋದರೂ 28 ಘನ ಅಡಿ ಕೈಗೆ ದಕ್ಕುತ್ತದೆ.

ಗೂಡಿನ ಆಳ ಒಂದಡಿಗಿಂತ ಹೆಚ್ಚಿರಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಎರಡಡಿ ಆಳ ಮಾಡಿದರೆ ಹೆಚ್ಚು ಸಾಮಾನು ಹಿಡಿಯುತ್ತದೆಂದು ಜನ ತಿಳಿಯುತ್ತಾರೆ. ಹಿಡಿಯುತ್ತದೆ, ಆದರೆ ಹಿಂದಿನ ಸಾಲಿನ ಡಬ್ಬಿ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ ಡಬ್ಬಿಯಲ್ಲೇ ಹುಳು ಹುಟ್ಟಿ ಉಳಿದ ಡಬ್ಬಿಗಳಿಗೆ ಹಬ್ಬುವುದು. ಒಂದೇ ಸಾಲು ಡಬ್ಬಿ ನಿಂತರೆ ಎಲ್ಲವೂ ಎದುರಿಗಿರುತ್ತವೆ. ಹಲಗೆಗೆ ಕಡಪಾ ಕಲ್ಲು ಒಳ್ಳೆಯದು, ಗೆದ್ದಲು ಹಿಡಿಯುವುದಿಲ್ಲ, ತೊಳೆಯಬಹುದು. ಸಿಂಕಿನ ಬಳಿ ಹೊಟ್ಟು ಒತ್ತಿ ಮಾಡಿದ ಹಲಗೆ ಹಾಕಿಸಿದರೆ ನೀರು ಕುಡಿದು ಉಬ್ಬುತ್ತದೆ.

ತಳದ ಗೂಡಿನಲ್ಲಿ ಭಾರದವು: ಅಕ್ಕಿ, ರಾಗಿ, ಎಣ್ಣೆ. ಹದಿನೈದು ಕಿಲೋ ಎಣ್ಣೆಯ ಚೌಕ ತಗಡಿನ ಡಬ್ಬ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ತೊಳೆದು ಒಣಗಿಸಿ ಮುಚ್ಚಳ ಮಾಡಿಸಿದರೆ ಹನ್ನೆರಡು ಕಿಲೋ ರಾಗಿ ಹಿಡಿಯುತ್ತದೆ. ಮೂರು ಡಬ್ಬ ಒತ್ತಾಗಿ ನಿಲ್ಲಿಸಿದರೆ ತಿಂಗಳ ರಾಗಿ ಮುಗಿಯಿತು. ದುಂಡು ಡಬ್ಬಿಗಳ ನಡುವೆ ಮೂಲೆ ಖಾಲಿ ಉಳಿಯುತ್ತದೆ, ಚೌಕದ್ದರಲ್ಲಿ ಉಳಿಯುವುದಿಲ್ಲ. ಸಣ್ಣ ಮನೆಗೆ ಚೌಕವೇ ಲೇಸು. ಸೊಂಟದಿಂದ ಕಣ್ಣಿನ ಮಟ್ಟದವರೆಗೆ ದಿನವೂ ಮುಟ್ಟುವಂಥವು. ಐದಡಿ ಎತ್ತರದ ಹೆಂಗಸಿಗೆ ಸ್ಟೂಲಿಲ್ಲದೆ ಕೈ ಎಟುಕುವುದು ಆರಡಿಯವರೆಗೆ. ಕಟ್ಟೆಯ ಆಚೆಯ ಗೋಡೆಯಲ್ಲಾದರೆ ಬಾಗಬೇಕಾದ್ದರಿಂದ ಐದೂವರೆ ಅಡಿಗೇ ನಿಲ್ಲುತ್ತದೆ. ಅದರ ಮೇಲಿನದೆಲ್ಲ ಹಬ್ಬದ ಪಾತ್ರೆ, ಖಾಲಿ ಡಬ್ಬಿ, ಹಪ್ಪಳದ ಮಣೆಗೆ. ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ರೂಢಿಗೆ ಬಿಡದೆ ಅಡಿಗೆ ಮಾಡುವವರನ್ನು ನಿಲ್ಲಿಸಿ ಅಳೆಯಿರಿ. ಮೊಣಕೈ ಮಡಿಸಿದಾಗ ಅದರಿಂದ ಮೂರು ನಾಲ್ಕು ಅಂಗುಲ ಕೆಳಗಿರಬೇಕು. ನಮ್ಮ ಕಡೆ ಅದು 32 ಅಂಗುಲದ ಆಸುಪಾಸಿಗೆ ಬರುತ್ತದೆ.

ಇದೆಲ್ಲ ಹೊಸ ಯೋಚನೆಯೇನಲ್ಲ. ಮೊದಲನೆಯ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕೂಲಿಕಾರರಿಗಾಗಿ ಸಾವಿರಾರು ಮನೆ ಕಟ್ಟಬೇಕಾಗಿ ಬಂದಾಗ, 1926ರಲ್ಲಿ ಮಾರ್ಗರೇಟೆ ಶೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳಾ ವಾಸ್ತುಶಿಲ್ಪಿ ಒಂದು ಅಡಿಗೆ ಮನೆಯ ನಕ್ಷೆ ಮಾಡಿದರು. ಅದರ ಅಗಲ ಸುಮಾರು ಆರಡಿ, ಉದ್ದ ಹನ್ನೊಂದಡಿ. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಅಳವಡಿಸಿದರು. ಅಕ್ಕಿ, ಸಕ್ಕರೆ ಮುಂತಾದವುಗಳಿಗೆ ಹೆಸರು ಬರೆದ ಅಲ್ಯುಮಿನಿಯಂ ಡಬ್ಬಿಗಳ ಸಾಲು. ಹಿಡಿ ಹಿಡಿದು ಎಳೆದು ನೇರ ಪಾತ್ರೆಗೆ ಸುರಿಯಲು ಮೂತಿ. ಹಿಟ್ಟಿಗೆ ಮಾತ್ರ ಓಕ್ ಮರದ ಪೆಟ್ಟಿಗೆ. ಆ ಮರದ ಒಗರಿಗೆ ಹಿಟ್ಟಿನ ಹುಳು ಹತ್ತುವುದಿಲ್ಲವೆಂದು. ಅಡಿಗೆ ಮಾಡುವವರ ಹೆಜ್ಜೆ ಎಣಿಸಿ, ಯಾವ ವಸ್ತುವಿಗೆ ಯಾವ ಡಬ್ಬಿ ಎಂದು ಯೋಚಿಸಿ ಮಾಡಿದ ಕೆಲಸ ಅದು. ಇಂದು ನಾಗಸಂದ್ರ ಮೆಟ್ರೊ ನಿಲ್ದಾಣದ ಹತ್ತಿರವೇ, 2022ರ ಜೂನ್‌ನಲ್ಲಿ ತೆರೆದ ಐಕಿಯಾ ಮಳಿಗೆಯಲ್ಲಿ ಜೋಡಿಸಿಟ್ಟ ಅಡಿಗೆ ಮನೆಗಳನ್ನು ಜನ ಹೋಗಿ ನೋಡಿ ಬರುತ್ತಾರೆ. ನೋಡತಕ್ಕದ್ದೇ, ಎಳೆಯುವ ಪೆಟ್ಟಿಗೆ, ಮೂಲೆಯನ್ನು ಬಳಸುವ ರೀತಿ ಕಲಿಯಬಹುದು. ಆದರೆ ಅಲ್ಲಿಂದ ನಕ್ಷೆ ಎತ್ತಿಕೊಂಡು ಬರುವಾಗ ನಮ್ಮ ಮನೆಗೆ ಊರಿನಿಂದ ಎಷ್ಟು ಮೂಟೆ ಬರುತ್ತದೆ ಎಂಬುದನ್ನು ನಾವೇ ಸೇರಿಸಿಕೊಳ್ಳಬೇಕು.

ಯಾವುದನ್ನು ಹೇಗೆ ತುಂಬಬೇಕು?

ಎಂಥ ಒಳ್ಳೆಯ ಗೂಡು ಕಟ್ಟಿದರೂ ಹಸಿ ದವಸ ತುಂಬಿದರೆ ಪ್ರಯೋಜನವಿಲ್ಲ. ರಾಗಿ, ಭತ್ತಗಳಲ್ಲಿ ತೇವಾಂಶ ಸೇಕಡ 12ಕ್ಕೂ, ಬೇಳೆಕಾಳುಗಳಲ್ಲಿ ಸೇಕಡ 9 ರಿಂದ 10ಕ್ಕೂ ಇಳಿದಿರಬೇಕು. ಅಳೆಯುವ ಯಂತ್ರ ಇಲ್ಲದವರು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಲಿ. ‘ಕಟ್’ ಎಂದು ಸದ್ದಾಗಿ ಒಡೆಯಬೇಕು, ಜಜ್ಜಿಹೋಗಬಾರದು. ಬಿಸಿಲಿನಿಂದ ತೆಗೆದ ಕೂಡಲೇ ಬಿಸಿ ಬಿಸಿಯಾಗಿ ಡಬ್ಬಿಗೆ ತುಂಬದೆ ನೆರಳಿನಲ್ಲಿ ಆರಿಸಿ ತುಂಬುವುದನ್ನು ಮರೆಯಬಾರದು.

ಊಟಕ್ಕಿಟ್ಟುಕೊಳ್ಳುವ ಅವರೆ, ಅಲಸಂದೆ, ಹುರುಳಿಗೆ ಬಿಸಿಲಿನ ಉಪಚಾರ ಬಹಳ ಸುಲಭ. ತಾರಸಿಯ ಮೇಲೆ ಗೋಣಿ ಹಾಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ, ಮೇಲೆ ಒಂದು ಬೆರಳು ದಪ್ಪ ಕಾಳು ಹರಡಿ, ಪಾರದರ್ಶಕ ಹಾಳೆ ಮುಚ್ಚಿ ಅಂಚಿಗೆಲ್ಲ ಕಲ್ಲು ಹೇರಬೇಕು. 57 ಡಿಗ್ರಿ ಶಾಖ ಒಂದು ಗಂಟೆ ನಿಂತರೆ ಕಾಳಿನೊಳಗಿನ ಮೊಟ್ಟೆ ಮರಿ ಎಲ್ಲ ಸಾಯುತ್ತವೆ. ಫೆಬ್ರವರಿ, ಮಾರ್ಚಿಯ ನಡು ಮಧ್ಯಾಹ್ನ ಎರಡು ಮೂರು ಗಂಟೆ ಬಿಟ್ಟರೆ ಈ ಶಾಖ ಸಿಗುತ್ತದೆ. ಆರಿದ ಮೇಲೆ ಕಿಲೋಗೆ 5 ಮಿಲಿಲೀಟರು ಹರಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಸವರಿ ತುಂಬಬಹುದು. ಎಣ್ಣೆ ಹಚ್ಚಿದ ಕಾಳಿನ ಮೇಲೆ ದುಂಬಿಯ ಮೊಟ್ಟೆ ಉಳಿಯುವುದಿಲ್ಲ. ಕೆಮ್ಮಣ್ಣು ಕಟ್ಟುವ ನಮ್ಮ ಹೆಂಗಸರ ಪದ್ಧತಿಯೂ ಒಳ್ಳೆಯದೇ. ಪಟ್ಟಣದಲ್ಲಿ ಕೆಮ್ಮಣ್ಣು ಸಿಗಬೇಕಷ್ಟೆ.

ಹಗೇವಿನ ತತ್ವ ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನ್ ದೇಶದ ರೈತರೊಡನೆ ಸೇರಿ ಅಲಸಂದೆ ಕಾಳಿಗೆ ಮೂರು ಪದರದ ಚೀಲದ ಪದ್ಧತಿ ರೂಪಿಸಿದರು: ಒಳಗೆ ಎರಡು ದಪ್ಪ ಪಾಲಿಥೀನ್ ಚೀಲ, ಹೊರಗೆ ಒಂದು ನೆಯ್ದ ಚೀಲ. ಗಾಳಿ ಒತ್ತಿ ಹೊರಹಾಕಿ ಒಂದೊಂದನ್ನೂ ಬೇರೆ ಬೇರೆಯಾಗಿ ಬಿಗಿದು ಕಟ್ಟಿದರೆ ಒಳಗಿನ ಕೀಟ ಇದ್ದ ಆಮ್ಲಜನಕವನ್ನೇ ತೀರಿಸಿ ತಾನೇ ಸಾಯುತ್ತದೆ. ಔಷಧಿ ಬೇಕಿಲ್ಲ. ಮನೆಯಲ್ಲಿ ಐದು ಕಿಲೋ ಹಿಡಿಯುವ, ತಿರುಪಿನ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನು ಕಂಠಪೂರ್ತಿ ತುಂಬಿ ಬಿಗಿ ಮಾಡಿದರೂ ಈ ಫಲ ಬಹುಮಟ್ಟಿಗೆ ದೊರೆಯುತ್ತದೆ. ಅರ್ಧ ಡಬ್ಬಿ ತುಂಬಬಾರದು. ದಿನವೂ ಮುಚ್ಚಳ ತೆಗೆಯಬಾರದು. ಒಂದೇ ದೊಡ್ಡ ಡಬ್ಬಿಗಿಂತ ಐದು ಸಣ್ಣ ಡಬ್ಬಿ ಮೇಲು ಎನ್ನುವುದು ಇದಕ್ಕೇ. ಒಂದನ್ನು ಬಳಸುವಾಗ ಉಳಿದ ನಾಲ್ಕು ಮುಚ್ಚಿಯೇ ಇರುತ್ತವೆ. ಡಬ್ಬಿಯ ಮೇಲೆ ತುಂಬಿದ ತಿಂಗಳನ್ನು ಬರೆದಿರಿ.

ರಾಗಿ ಹಿಟ್ಟನ್ನು ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೀಸಿಸಬೇಕು. ಇಡೀ ರಾಗಿಗೆ ಹತ್ತದ ಕೆಂಪು ಹುಳು ಹಿಟ್ಟಿಗೆ ಬೇಗ ಹತ್ತುತ್ತದೆ. ಸಜ್ಜೆ ಹಿಟ್ಟಿನಲ್ಲಿ ಜಿಡ್ಡು ಹೆಚ್ಚಾದ್ದರಿಂದ ಅದು ಕೆಲವೇ ದಿನಕ್ಕೆ ಕಮಟು ಹಿಡಿಯುತ್ತದೆ, ವಾರಕ್ಕೊಮ್ಮೆ ಬೀಸಿಸಿದರೆ ಸಾಕು. ಕಡಲೆಕಾಯಿಯನ್ನು ಸುಲಿಯದೆ ಸಿಪ್ಪೆಯೊಡನೆ ಇಡಿ. ತೇವ ತಾಗಿ ಬೂಷ್ಟು ಹಿಡಿದ ಕಡಲೆಕಾಯಿ, ಮೆಣಸಿನಕಾಯಿಗಳನ್ನು ಒರೆಸಿ ಬಳಸಬಾರದು, ಆ ಬೂಷ್ಟಿನ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಈರುಳ್ಳಿಗೆ ಗಾಳಿ ಬೇಕು, ಆಲೂಗಡ್ಡೆಗೆ ಕತ್ತಲೆ ಬೇಕು. ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಡಬೇಡಿ. ಬಾಗಿಲ ಹಿಂದೆ ತೂಗುಹಾಕಿದ ಬಲೆ ಚೀಲ ಈರುಳ್ಳಿಗೆ ಸಾಕು.

ಇಲಿಯ ವಿಷಯ ಒಂದೇ ಮಾತು. ಸುಂಡಿಲಿಯ ಮರಿ ಕಾಲು ಅಂಗುಲದ ಕಿಂಡಿಯಲ್ಲಿ ನುಸುಳುತ್ತದೆ. ಸಿಂಕಿನ ಕೊಳವೆ ಗೋಡೆ ದಾಟುವ ಕಡೆ ಸುತ್ತ ಉಳಿದ ಸಂದನ್ನು ಸಿಮೆಂಟು, ಗಾಜಿನ ಚೂರಿನಿಂದ ಮುಚ್ಚಿಸಿ. ಬಹುಪಾಲು ಮನೆಗಳಿಗೆ ಅವು ಬರುವ ದಾರಿ ಅದೇ.

ಅಡಿಗೆ ಮನೆಯಲ್ಲಿ ಇಡಬಾರದವು

ಜಾಗ ಇಲ್ಲವೆಂದು ಕೀಟನಾಶಕದ ಬಾಟಲಿಯನ್ನು ಅಡಿಗೆ ಮನೆಯ ಸಜ್ಜದ ಮೇಲೆ ಇಟ್ಟಿರುವುದನ್ನು ಹಳ್ಳಿಯಲ್ಲೂ ಪಟ್ಟಣದಲ್ಲೂ ನೋಡಿದ್ದೇನೆ. ಇದು ಖಂಡಿತ ಕೂಡದು. ಬಣ್ಣ ಹಚ್ಚಿದ, ಔಷಧಿ ಲೇಪಿಸಿದ ಬಿತ್ತನೆ ಬೀಜವೂ ಅಡಿಗೆ ಮನೆಗೆ ಬರಬಾರದು. ಬರಗಾಲದಲ್ಲಿ, ಅವಸರದಲ್ಲಿ ಅದನ್ನೇ ಬೇಯಿಸಿ ಉಂಡರೆ ಜೀವಕ್ಕೆ ಅಪಾಯ. ಎಲ್ಲಕ್ಕಿಂತ ಮುಖ್ಯವಾಗಿ, ಉಗ್ರಾಣಗಳಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರೋ ಕೊಟ್ಟರೆಂದು ಮನೆಯ ಡಬ್ಬಿಗೋ ಮೂಟೆಗೋ ಹಾಕಬೇಡಿ. ಗಾಳಿಯ ತೇವ ತಾಗಿದೊಡನೆ ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಏಳಗೊಡುವುದಿಲ್ಲ, ಅದಕ್ಕೆ ಮದ್ದಿಲ್ಲ. ನಡುಮನೆಯಲ್ಲಿ ಕಣಜ, ಅದರ ಪಕ್ಕದಲ್ಲೇ ಮಕ್ಕಳ ಹಾಸಿಗೆ ಇರುವ ಸಣ್ಣ ಮನೆಗಳಲ್ಲಿ ಈ ಮಾತ್ರೆಗೆ ಎಡೆಯೇ ಇಲ್ಲ. ವಿಸ್ತರಣಾ ಕಾರ್ಯಕರ್ತರು ಮನೆ ಭೇಟಿಗೆ ಹೋದಾಗ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

ಗ್ಯಾಸ್ ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿ ಮುಚ್ಚುವುದು ಈಗಿನ ರೂಢಿ. ಮುಚ್ಚುವುದಾದರೆ ಬಾಗಿಲಿನ ತಳದಲ್ಲಿ, ನೆಲದ ಮಟ್ಟಕ್ಕೆ, ಗಾಳಿಯ ಕಿಂಡಿಗಳಿರಬೇಕು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಕೂರುತ್ತದೆ, ಮೇಲಿನ ಕಿಂಡಿಯಿಂದ ಹೋಗುವುದಿಲ್ಲ. ಹಬೆ ಹೋಗಲು ಕಿಟಕಿಯ ಮೇಲ್ಭಾಗದಲ್ಲಿ ಫ್ಯಾನು ಬೇರೆ ಇರಲಿ. ಅಡಿಗೆ ಮುಗಿದ ಮೇಲೂ ಕಾಲು ಗಂಟೆ ಓಡಲಿ.

ಬಾಡಿಗೆ ಮನೆಯಲ್ಲಿರುವವರು ಗೋಡೆ ಒಡೆದು ಗೂಡು ಕಟ್ಟಿಸಲಾಗದು. ಅವರು ಒಳಗೋಡೆಗೆ ಒರಗುವಂತೆ ಒಂದಡಿ ಆಳದ ಕಬ್ಬಿಣದ ಸ್ಟ್ಯಾಂಡು ಮಾಡಿಸಿಕೊಂಡರೆ ಮನೆ ಬದಲಿಸುವಾಗ ಜೊತೆಗೆ ಒಯ್ಯಬಹುದು. ತಗಡಿನ ಕಣಜವೂ ಹಾಗೆಯೇ. ನಾಲ್ಕು ಕ್ವಿಂಟಾಲಿನದು ಒಂದರ ಬದಲು ಎರಡು ಕ್ವಿಂಟಾಲಿನವು ಎರಡು ಮಾಡಿಸಿದರೆ ಮೆಟ್ಟಿಲು ಹತ್ತಿಸುವುದೂ ಸುಲಭ. ಒಂದು ಖಾಲಿಯಾದಾಗ ತೊಳೆದು ಬಿಸಿಲಿಗಿಡಲೂ ಅನುಕೂಲ. ಹಳೆಯ ರಾಗಿ ಉಳಿದಿದ್ದರೆ ಹೊಸದನ್ನು ಅದರ ಮೇಲೆ ಸುರಿಯದೆ ಇನ್ನೊಂದರಲ್ಲಿ ತುಂಬಬೇಕು. ಊರಿನಿಂದ ಹೊಸ ಮೂಟೆ ಬರುವ ವಾರ ಮೊದಲು, ಡಿಸೆಂಬರು ಮುಗಿಯುವುದರೊಳಗೆ, ಗೂಡುಗಳನ್ನು ಖಾಲಿ ಮಾಡಿ ಮೂಲೆಯ ಹಿಟ್ಟು ಹೊಟ್ಟನ್ನೆಲ್ಲ ಗುಡಿಸಿ, ಹಳೆಯ ಗೋಣಿಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿಟ್ಟುಕೊಳ್ಳಿ. ನಮ್ಮ ಮನೆಯ ಅವರೆ ಈಗ ನಡುಮನೆಯ ಕಣಜದ ಪಕ್ಕ, ಐದು ಕಿಲೋದ ಐದು ಡಬ್ಬಿಗಳಲ್ಲಿದೆ. ಒಲೆಯ ಮೇಲಿನ ಸಜ್ಜದಲ್ಲಿ ಇಡ್ಲಿ ಪಾತ್ರೆ, ಶಾವಿಗೆ ಒರಳು ಕೂತಿವೆ.